ಈ ಜಡ್ಜ್ ಇರಲೋ ಬೇಡವೋ

2024ರ ಅಕ್ಟೋಬರ್ ಕೊನೆಯ ವಾರ. ನಮ್ಮಲ್ಲೊಬ್ಬನ ಅಕ್ಕ ಷಿಕಾಗೊದಿಂದ ವಾಟ್ಸ್ಯಾಪ್‌ನಲ್ಲಿ ಒಂದಷ್ಟು ಫೋಟೊ ಕಳಿಸಿದಳು. ಮನೆಗೆ ಅಂಚೆಯಲ್ಲಿ ಬಂದ ಮತಪತ್ರ. ಅಲ್ಲಿನ ಪೌರತ್ವ ಸಿಕ್ಕಮೇಲೆ ಅವಳಿಗದು ಮೊದಲ ಅಧ್ಯಕ್ಷೀಯ ಚುನಾವಣೆ. ಟ್ರಂಪ್, ಹ್ಯಾರಿಸ್ ಹೆಸರು ಎಲ್ಲಿದೆ ಎಂದು ನಾವು ಫೋಟೊ ದೊಡ್ಡದು ಮಾಡಿಕೊಂಡು ಹುಡುಕುತ್ತಿದ್ದರೆ ಅವಳ ತಕರಾರೇ ಬೇರೆ. ಹಿಂದೆಯೇ ಧ್ವನಿ ಸಂದೇಶ ಬಂತು. "ಅದು ಮೊದಲನೇ ಸಾಲಲ್ಲೇ ಮುಗೀತು ಕಣ್ರೋ. ಮುಂದಿನ ಫೋಟೊ ನೋಡಿ. ಎಪ್ಪತ್ತು ಚಿಲ್ಲರೆ ಜಡ್ಜ್‌ಗಳ ಹೆಸರಿದೆ. ಒಬ್ಬೊಬ್ಬರ ಮುಂದೂ ಹೌದು, ಇಲ್ಲ ಅಂತ ಎರಡು ಗುರುತು. ಒಬ್ಬರ ಮುಖಾನೂ ನಾನು ನೋಡಿಲ್ಲ. ನೀವು ಪೇಪರ್‌ನೋರಲ್ವಾ, ಹೇಳಿ, ಇದನ್ನ ಹೆಂಗೆ ತೀರ್ಮಾನ ಮಾಡೋದು?"

ನಮಗೆ ಉತ್ತರ ಗೊತ್ತಿರಲಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ನ್ಯಾಯಾಂಗ ನಿಂದನೆ ಬಗ್ಗೆ ಪಾಠ ಆಗಿತ್ತು, ಜಡ್ಜ್‌ಗೆ ಓಟು ಹಾಕುವ ಬಗ್ಗೆ ಆಗಿರಲಿಲ್ಲ. ನಮ್ಮಲ್ಲಿ ಅದರ ಅಗತ್ಯವೂ ಇಲ್ಲ. ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ ನಿವೃತ್ತರಾಗುತ್ತಾರೆ. ಅದಕ್ಕೆ ಮೊದಲು ತೆಗೆಯಬೇಕೆಂದರೆ ಸಂಸತ್ತೇ ಸೇರಬೇಕು. ಮತದಾರನಿಗೆ ಅಲ್ಲಿ ಕೆಲಸವಿಲ್ಲ. ಆದರೂ ಅಕ್ಕ ಕೇಳಿದ್ದಾಳೆ, ಅದೂ "ಪೇಪರ್‌ನೋರು" ಎಂಬ ಗೌರವ ಕೊಟ್ಟು ಕೇಳಿದ್ದಾಳೆ. ಎರಡು ರಾತ್ರಿ ಕೂತು ಓದಿದೆವು. ಓದುತ್ತಾ ಹೋದಂತೆ ನಮ್ಮದೇ ಒಂದು ಹಳೆಯ ವರದಿ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇವೆ.

ಅಮೆರಿಕದ ಸುಮಾರು 20 ರಾಜ್ಯಗಳಲ್ಲಿ ಇಂಥ ಮತದಾನ ಯಾವುದಾದರೊಂದು ರೂಪದಲ್ಲಿದೆ. ಎದುರಾಳಿ ಇಲ್ಲ, ಪಕ್ಷದ ಹೆಸರಿಲ್ಲ. ಈ ನ್ಯಾಯಾಧೀಶರನ್ನು ಹುದ್ದೆಯಲ್ಲಿ ಉಳಿಸಬೇಕೆ ಎಂಬ ಒಂದೇ ಪ್ರಶ್ನೆ. ಹೆಚ್ಚು ಹೆಸರಾದದ್ದು ಮಿಸೌರಿ ರಾಜ್ಯದ ಮಾದರಿ. ಅಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಟಾಮ್ ಪೆಂಡರ್ಗಾಸ್ಟ್ ಎಂಬ ರಾಜಕೀಯ ಧಣಿಯ ದರ್ಬಾರು ನಡೆಯುತ್ತಿತ್ತು. ಜಡ್ಜ್ ಆಗಬೇಕಾದವರೂ ಅಂಥ ಧಣಿಗಳ ಬಾಗಿಲು ಕಾಯಬೇಕು. ಬೇಸತ್ತ ಜನ 1940ರಲ್ಲಿ ಮತ ಹಾಕಿ ಹೊಸ ಪದ್ಧತಿ ತಂದರು. ಒಂದು ಸಮಿತಿ ಹೆಸರು ಸೂಚಿಸುತ್ತದೆ, ಗವರ್ನರ್ ನೇಮಿಸುತ್ತಾರೆ, ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಮೇಲೆ ಜನ ಇರಲಿ ಅಥವಾ ಬೇಡ ಎನ್ನುತ್ತಾರೆ. ರಾಜಕಾರಣಿಗಳ ಕೈಯಿಂದಲೂ ತಪ್ಪಿಸಿದಂತಾಯಿತು, ಜನರ ಕೈಯಲ್ಲೂ ಒಂದು ಹಗ್ಗ ಉಳಿಯಿತು. ಓದಿದಾಗ ಒಳ್ಳೆಯದೇ ಅನ್ನಿಸಿತು. ಅಕ್ಕ ಇರುವ ಇಲಿನಾಯ್‌ನಲ್ಲಿ ಸ್ವಲ್ಪ ಬೇರೆ. ಮೊದಲ ಸಲ ಪಕ್ಷದಿಂದಲೇ ಗೆದ್ದು ಬರಬೇಕು, ನಂತರ ಕೆಳಗಿನವರು ಆರು ವರ್ಷಕ್ಕೊಮ್ಮೆ, ಮೇಲಿನವರು ಹತ್ತು ವರ್ಷಕ್ಕೊಮ್ಮೆ ಈ ಹೌದು-ಇಲ್ಲಕ್ಕೆ ನಿಲ್ಲಬೇಕು. ಉತ್ತರಿಸಿದವರಲ್ಲಿ ನೂರಕ್ಕೆ 60 ಮಂದಿ ಹೌದು ಎನ್ನಬೇಕು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಥಾಮಸ್ ಕಿಲ್‌ಬ್ರೈಡ್‌ಗೆ ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದಿದ್ದರು. ಆದರೂ 60 ಮುಟ್ಟದೆ ಮನೆಗೆ ಹೋದರು.

ಜನ ಹೇಗೆ ತೀರ್ಮಾನಿಸುತ್ತಾರೆ? ಬಹಳಷ್ಟು ಜನ ತೀರ್ಮಾನಿಸುವುದೇ ಇಲ್ಲ. ಅಧ್ಯಕ್ಷರಿಗೆ, ಸಂಸದರಿಗೆ ಗುರುತು ಹಾಕಿ ಕೆಳಗಿನದನ್ನು ಖಾಲಿ ಬಿಡುತ್ತಾರೆ. ಇನ್ನು ಕೆಲವರು ಎಲ್ಲರಿಗೂ ಹೌದು, ಕೆಲವರು ಎಲ್ಲರಿಗೂ ಇಲ್ಲ. ಹೆಸರು ನೋಡಿ ಹಾಕುವವರೂ ಇದ್ದಾರೆ. ಅಕ್ಕನ ಕುಕ್ ಕೌಂಟಿಯಲ್ಲಿ ಐರಿಷ್ ಹೆಸರಿದ್ದರೆ, ಅದರಲ್ಲೂ ಹೆಣ್ಣಿನ ಹೆಸರಿದ್ದರೆ, ಜಡ್ಜ್ ಚುನಾವಣೆ ಗೆಲ್ಲುವುದು ಸುಲಭ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಅದಕ್ಕಾಗಿ ಹೆಸರು ಬದಲಿಸಿಕೊಂಡವರೂ ಇದ್ದಾರಂತೆ. ಹಾಗೆ ಹೊಸದಾಗಿ ಬದಲಿಸಿಕೊಂಡಿದ್ದರೆ ಹಳೆಯ ಹೆಸರೂ ಮತಪತ್ರದಲ್ಲಿ ಇರಬೇಕು ಎಂದು ರಾಜ್ಯ ಕಾನೂನನ್ನೇ ಮಾಡಿದೆ. ಇದನ್ನು ಓದಿ ನಾವು ನಕ್ಕೆವು. ಹೆಸರಿನ ಹಿಂದಿರುವ ಜಾತಿ ಹುಡುಕಿ ಓಟು ಹಾಕುವ ಊರುಗಳಿಂದ ಬಂದ ನಮಗೆ ನಗುವ ಹಕ್ಕು ಎಷ್ಟಿದೆಯೋ ಗೊತ್ತಿಲ್ಲ.

ಒಟ್ಟಿನಲ್ಲಿ ಸೋಲುವವರು ತೀರ ಕಡಿಮೆ, ನೂರಕ್ಕೆ ಒಬ್ಬರ ಆಸುಪಾಸು. ಜಪಾನಿನಲ್ಲಂತೂ ಯಾರೂ ಸೋತಿಲ್ಲ. ಅಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಬಗ್ಗೆ 1949ರಿಂದ ಮತದಾನ ನಡೆಯುತ್ತಿದೆ. ಬೇಡವಾದವರ ಹೆಸರಿನ ಮೇಲೆ ಕತ್ತರಿ ಗುರುತು ಹಾಕಬೇಕು. ಖಾಲಿ ಬಿಟ್ಟರೆ ಒಪ್ಪಿಗೆ ಎಂದೇ ಲೆಕ್ಕ. ಹೀಗಿದ್ದರೆ ಯಾರು ತಾನೇ ಸೋಲುತ್ತಾರೆ?

ಹಾಗಾದರೆ ಅಮೆರಿಕದಲ್ಲಿ ಆ ನೂರಕ್ಕೊಬ್ಬರು ಯಾಕೆ ಸೋಲುತ್ತಾರೆ ಎಂಬುದೇ ನಮಗೆ ಮುಖ್ಯವಾಗಿ ಕಂಡಿತು. ಕೆಲಸ ಬಾರದೆ, ಲಂಚ ತಿಂದು, ಕಕ್ಷಿದಾರರನ್ನು ಗದರಿಸಿ ಸೋತವರೂ ಇರಬಹುದು. ಆದರೆ ದೊಡ್ಡ ಸುದ್ದಿಯಾದ ಸೋಲುಗಳನ್ನು ಸಾಲಾಗಿ ಓದಿದರೆ ಬೇರೆಯದೇ ಕತೆ.

2005ರಲ್ಲಿ ಪೆನ್ಸಿಲ್ವೇನಿಯದ ಶಾಸಕರು ನಡುರಾತ್ರಿ ಕಳೆದು ಎರಡು ಗಂಟೆ ಹೊತ್ತಿಗೆ, ಚರ್ಚೆಯಿಲ್ಲದೆ, ತಮ್ಮ ಸಂಬಳ ತಾವೇ ಏರಿಸಿಕೊಂಡರು. ಜಡ್ಜ್‌ಗಳ ಸಂಬಳವೂ ಜೊತೆಗೆ ಏರಿತು. ಜನ ಕೆಂಡವಾದರು. ಆ ನವೆಂಬರಿನಲ್ಲಿ ಮತಪತ್ರದಲ್ಲಿ ಶಾಸಕರ ಹೆಸರಿರಲಿಲ್ಲ. ಸುಪ್ರೀಂ ಕೋರ್ಟಿನ ಇಬ್ಬರ ಹೆಸರಿತ್ತು. ರಸೆಲ್ ನೈಗ್ರೊ ಸೋತರು, ಇನ್ನೊಬ್ಬರು ಕೂದಲೆಳೆಯಲ್ಲಿ ಉಳಿದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಮ್ಮಜ್ಜಿಯರು ಸುಮ್ಮನೆ ಹೇಳಿಲ್ಲ.

ಅಯೋವಾದ ಕತೆ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಮೆಕ್ಕೆಜೋಳ, ಹಂದಿ ಸಾಕಣೆಯ ನಾಡು ಅದು. ನಮ್ಮಂಥ ಹಳ್ಳಿ ವರದಿಗಾರರಿಗೆ ಹೇಳಿಮಾಡಿಸಿದ ಜಾಗ. 2009ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ, ಒಂದೇ ಲಿಂಗದವರ ಮದುವೆಯನ್ನು ತಡೆಯುವ ಕಾನೂನು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು. ಮರುವರ್ಷ ನವೆಂಬರಿನಲ್ಲಿ ಆ ಏಳರಲ್ಲಿ ಮೂವರ ಸರದಿ ಇತ್ತು. ಮುಖ್ಯ ನ್ಯಾಯಮೂರ್ತಿ ಮಾರ್ಷಾ ಟರ್ನಸ್, ಮೈಕೆಲ್ ಸ್ಟ್ರೀಟ್, ಡೇವಿಡ್ ಬೇಕರ್. ಹೊರರಾಜ್ಯದ ಸಂಘಟನೆಗಳಿಂದ ಹಣ ಹರಿದು ಬಂತು, ಬಸ್ ಮಾಡಿಕೊಂಡು ಊರೂರು ಸುತ್ತಿ ಪ್ರಚಾರ ನಡೆಯಿತು. ಜಡ್ಜ್ ಆದವರು ಓಟು ಕೇಳುತ್ತಾ ತಿರುಗಬಾರದು ಎಂದುಕೊಂಡ ಮೂವರೂ ತಮ್ಮ ಪರವಾಗಿ ಹಣ ಎತ್ತಲಿಲ್ಲ, ಪ್ರಚಾರ ಸಮಿತಿ ಮಾಡಲಿಲ್ಲ. ಮೂವರೂ ಸೋತರು. 1962ರಲ್ಲಿ ಈ ಪದ್ಧತಿ ಬಂದ ಮೇಲೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅದೇ ಮೊದಲು.

ತಮಾಷೆಯೆಂದರೆ ಆ ತೀರ್ಪನ್ನು ಬರೆದ ಮಾರ್ಕ್ ಕೇಡಿಯ ಸರದಿ ಆ ವರ್ಷ ಇರಲಿಲ್ಲ. ಅವರು ಉಳಿದರು, 2011ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಆದರು, 2016ರಲ್ಲಿ ಸರದಿ ಬಂದಾಗ ಗೆದ್ದೂ ಗೆದ್ದರು. ಅಷ್ಟು ಹೊತ್ತಿಗೆ ಸಿಟ್ಟು ಆರಿತ್ತು. ತೀರ್ಪು ಮಾತ್ರ ಒಂದಕ್ಷರ ಬದಲಾಗಲಿಲ್ಲ. ಸೋತ ಮೂವರಿಗೆ ಎಷ್ಟು ವರ್ಷ ಅನುಭವ, ಎಷ್ಟು ಕೇಸು ಮುಗಿಸಿದರು, ಜಮೀನಿನ ವ್ಯಾಜ್ಯದಲ್ಲೋ ವಿಚ್ಛೇದನದಲ್ಲೋ ಹೇಗೆ ನಡೆದುಕೊಂಡರು ಎಂಬುದು ಆ ಚುನಾವಣೆಯಲ್ಲಿ ಯಾರ ಬಾಯಲ್ಲೂ ಬಂದಂತಿಲ್ಲ. ಮತದಾರನ ಮುಂದೆ ಇದ್ದದ್ದು ಒಂದು ತೀರ್ಪು. ಆ ತೀರ್ಪೂ ಅಲ್ಲ, ಅದರ ಬಗ್ಗೆ ಯಾರೋ ಹೇಳಿದ ಒಂದು ಸಾಲು.

ಅದಕ್ಕಿಂತ ಕಷ್ಟದ್ದು ಅಲಾಸ್ಕಾದ್ದು. ಆಂಕರೇಜ್‌ನಲ್ಲಿ ಒಬ್ಬ ಒಬ್ಬಳು ಮೂಲನಿವಾಸಿ ಹೆಣ್ಣುಮಗಳನ್ನು ಕಾರಿಗೆ ಹತ್ತಿಸಿಕೊಂಡು, ಪ್ರಜ್ಞೆ ತಪ್ಪುವವರೆಗೆ ಕತ್ತು ಹಿಸುಕಿ, ಹೇಸಿಗೆ ಕೆಲಸ ಮಾಡಿದ. ಸರ್ಕಾರಿ ವಕೀಲರೂ ಆರೋಪಿಯ ವಕೀಲರೂ ರಾಜಿಯಾಗಿ ಶಿಕ್ಷೆಯ ಒಪ್ಪಂದ ತಂದರು. ಆಗಿನ ಕಾನೂನಿನ ಪ್ರಕಾರ ಅವನು ಮಾಡಿದ್ದು ಲೈಂಗಿಕ ಅಪರಾಧದ ವ್ಯಾಖ್ಯೆಗೇ ಬರುತ್ತಿರಲಿಲ್ಲ. ನ್ಯಾಯಾಧೀಶ ಮೈಕೆಲ್ ಕೋರಿ 2018ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ವಿಚಾರಣೆಗೆ ಮುಂಚೆ ಮನೆಯಲ್ಲಿ ನಿಗಾದಲ್ಲಿ ಕಳೆದ ವರ್ಷವೇ ಶಿಕ್ಷೆಯ ಲೆಕ್ಕಕ್ಕೆ ಸೇರಿ ಅವನು ಜೈಲಿಗೆ ಹೋಗದೆ ಮನೆಗೆ ಹೋದ. ನವೆಂಬರ್‌ನಲ್ಲಿ ಕೋರಿಯ ಸರದಿ. ಅಲಾಸ್ಕಾದಲ್ಲಿ ಒಂದು ನ್ಯಾಯಾಂಗ ಮಂಡಳಿ ಇದೆ. ಅದು ವಕೀಲರನ್ನು, ಪೊಲೀಸರನ್ನು, ಕೋರ್ಟ್ ಸಿಬ್ಬಂದಿಯನ್ನು, ಜ್ಯೂರಿಯಲ್ಲಿ ಕೂತವರನ್ನು ಕೇಳಿ ಪ್ರತಿ ಜಡ್ಜ್ ಬಗ್ಗೆ ವರದಿ ಕೊಡುತ್ತದೆ. ಕೋರಿಯನ್ನು ಉಳಿಸಿ ಎಂದು ಶಿಫಾರಸೂ ಮಾಡಿತ್ತು. ಜನ ಉಳಿಸಲಿಲ್ಲ. ಮರುವರ್ಷ ಶಾಸನಸಭೆ ಆ ಕಾನೂನಿನ ತೂತು ಮುಚ್ಚಿತು.

ಇದರ ಬಗ್ಗೆ ನಾವು ಮೂವರಲ್ಲಿ ಇವತ್ತಿಗೂ ಒಮ್ಮತವಿಲ್ಲ. ನಮ್ಮಲ್ಲೊಬ್ಬಳು ಕೇಳುತ್ತಾಳೆ, "ಆ ಹೆಣ್ಣುಮಗಳ ಪರ ನಿಂತವರ ಕೈಯಲ್ಲಿ ಆ ದಿನ ಇದ್ದದ್ದು ಅದೊಂದೇ ಗುರುತು. ಅದನ್ನೂ ಹಾಕಬಾರದಿತ್ತಾ? ಜಡ್ಜ್‌ಗೆ ಒಪ್ಪಂದ ತಿರಸ್ಕರಿಸುವ ಅಧಿಕಾರ ಇರಲಿಲ್ಲವಾ?" ಉಳಿದಿಬ್ಬರಿಗೆ ಇದಕ್ಕೆ ಪೂರ್ತಿ ಉತ್ತರವಿಲ್ಲ. ಆದರೆ ನಮಗೆ ನಮ್ಮ ಟಿಪ್ಪರ್ ಕೇಸು ನೆನಪಾದದ್ದು ಇಲ್ಲೇ.

ಓದು ಮುಗಿಸಿ ಒಂದು ವರ್ಷವೂ ಆಗಿರಲಿಲ್ಲ. ಮೂವರೂ ಸೇರಿ ಒಂದು ಸ್ಥಳೀಯ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕೊಡುತ್ತಿದ್ದೆವು. ಜಲ್ಲಿ ತುಂಬಿದ ಟಿಪ್ಪರ್ ಹರಿದು ಶಾಲೆಗೆ ಹೋಗುತ್ತಿದ್ದ ಹುಡುಗ ಸತ್ತ. ಮರುದಿನವೇ ಚಾಲಕನಿಗೆ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಹುಡುಗನ ಮನೆಯ ಅಂಗಳದಲ್ಲಿ ಇನ್ನೂ ಶಾಮಿಯಾನ ಬಿಚ್ಚಿರಲಿಲ್ಲ. ನಾವು ಹೊಟ್ಟೆಯುರಿಯಿಂದ ಬರೆದೆವು. "ಬಾಲಕನ ಬಲಿ: 24 ಗಂಟೆಯಲ್ಲೇ ಚಾಲಕನಿಗೆ ಜಾಮೀನು." ಒಂದೂ ಸುಳ್ಳಿಲ್ಲ. ವಾಟ್ಸ್ಯಾಪ್‌ನಲ್ಲಿ ಆ ತುಣುಕು ಊರೂರು ತಿರುಗಿತು. ಜಡ್ಜ್ ದುಡ್ಡು ತಿಂದಿದ್ದಾರೆ ಅಂತ ಚಹಾದಂಗಡಿಯಲ್ಲಿ ಮಾತಾಯಿತು, ಎರಡು ದಿನ ಬಿಟ್ಟು ಕೋರ್ಟಿನ ಗೇಟಿನ ಮುಂದೆ ಧರಣಿ ನಡೆಯಿತು. ಆ ಧರಣಿಯನ್ನೂ ನಾವೇ ವರದಿ ಮಾಡಿದೆವು, ಫೋಟೊ ಸಮೇತ.

ಅದೇ ಗೇಟಿನ ಬಳಿ ಹಿರಿಯ ವಕೀಲರೊಬ್ಬರು ಕರೆದು ಕೇಳಿದರು. "ಏನ್ರಪ್ಪಾ, ಎಫ್‌ಐಆರ್ ಓದಿದ್ರಾ?" ಓದಿರಲಿಲ್ಲ. "304 (ಎ) ಹಾಕಿದ್ದಾರೆ. ಅದು ಜಾಮೀನು ಕೊಡಲೇಬೇಕಾದ ಕಲಂ. ಠಾಣೆಯಲ್ಲೇ ಕೊಟ್ಟು ಕಳಿಸಬಹುದಿತ್ತು. ಸಾಹೇಬರು ಕೊಡಲ್ಲ ಅಂದಿದ್ರೆ ಅದು ತಪ್ಪಾಗೋದು. ನಿಮಗೆ ಸಿಟ್ಟು ಬಂದಿದ್ರೆ ಆ ಕಲಮ್ಮಿನ ಮೇಲೆ ಬರೀರಿ, ಲೈಸೆನ್ಸ್ ಕೊಟ್ಟೋರ ಮೇಲೆ ಬರೀರಿ."

ನಾವು ಎರಡನ್ನೂ ಬರೆಯಲಿಲ್ಲ. ತಿದ್ದುಪಡಿ ಕಳಿಸಿದೆವು, ಆದರೆ ಅಚ್ಚಾಗಲಿಲ್ಲ. ಸುದ್ದಿಯಲ್ಲಿ ತಪ್ಪೇನಿದೆ ಎಂದು ಮೇಜಿನವರು ಕೇಳಿದರು. ನಿಜ, ತಪ್ಪೇನೂ ಇರಲಿಲ್ಲ. ಆ ವಾರ ನಮ್ಮ ತಾಲ್ಲೂಕಿನಲ್ಲಿ "ಈ ಜಡ್ಜ್ ಇರಲೋ ಬೇಡವೋ" ಎಂದು ಕೇಳಿದ್ದರೆ ಏನಾಗುತ್ತಿತ್ತು ಎಂದು ಹೇಳಲು ಸಮೀಕ್ಷೆ ಬೇಕಿಲ್ಲ. ಜನ ತೀರ್ಮಾನ ಮಾಡುತ್ತಿದ್ದದ್ದು ನಮ್ಮ ಆರು ಪದದ ತಲೆಬರಹ ಓದಿ.

ಇನ್ನೂ ಒಂದು ಸಂಗತಿ ಓದಿದೆವು. ಗ್ರೆಗರಿ ಹ್ಯೂಬರ್, ಸ್ಯಾನ್‌ಫರ್ಡ್ ಗಾರ್ಡನ್ ಎಂಬ ಇಬ್ಬರು ವಿದ್ವಾಂಸರು ಪೆನ್ಸಿಲ್ವೇನಿಯದ ವಿಚಾರಣಾ ನ್ಯಾಯಾಲಯಗಳು ಕೊಟ್ಟ ಸಾವಿರಾರು ಶಿಕ್ಷೆಗಳನ್ನು ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದರು. ಮತದಾನದ ದಿನ ಹತ್ತಿರ ಬಂದಂತೆ ಜಡ್ಜ್‌ಗಳು ಕೊಡುವ ಶಿಕ್ಷೆ ಉದ್ದವಾಗುತ್ತಾ ಹೋಗುತ್ತದೆ. ಅಂದರೆ ಸೋಲುವವರು ನೂರಕ್ಕೊಬ್ಬರಾದರೂ ಭಯ ಉಳಿದ 99 ಮಂದಿಯಲ್ಲೂ ಇದೆ. ಅದರ ಬೆಲೆ ಕೊಡುವವನು ಆ ತಿಂಗಳಲ್ಲಿ ಕಟಕಟೆಗೆ ಬಂದ ಯಾವನೋ ಒಬ್ಬ. ಮೆತ್ತಗಿನ ಜಡ್ಜ್ ಎಂದು ಸುದ್ದಿಯಾಗುತ್ತದೆ, ಬಿಗಿ ಜಡ್ಜ್ ಎಂದು ಯಾರೂ ದೂರುವುದಿಲ್ಲ. ನಾವೂ ಯಾವತ್ತೂ "ಜಾಮೀನು ಕೊಡಬೇಕಿತ್ತು, ಕೊಡಲಿಲ್ಲ" ಎಂದು ಬರೆದವರಲ್ಲ.

ಅಕ್ಕನಿಗೆ ಏನು ಹೇಳುವುದು? ವಕೀಲರ ಸಂಘಗಳು ಪ್ರತಿ ಹೆಸರಿಗೂ ಅರ್ಹ, ಅನರ್ಹ ಎಂದು ಕೊಟ್ಟ ಪಟ್ಟಿ ಕಳಿಸಿದೆವು. ಷಿಕಾಗೊದ ಇನ್‌ಜಸ್ಟಿಸ್ ವಾಚ್ ಎಂಬ ಲಾಭಕ್ಕಲ್ಲದ ಪುಟ್ಟ ಸುದ್ದಿಸಂಸ್ಥೆ ಪ್ರತಿ ಚುನಾವಣೆಗೂ ಒಬ್ಬೊಬ್ಬ ಜಡ್ಜ್ ಬಗ್ಗೆ ಕೈಪಿಡಿ ಮಾಡುತ್ತದೆ, ಅದನ್ನೂ ಕಳಿಸಿದೆವು. ಅದನ್ನು ನೋಡಿ ನಮಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಎಪ್ಪತ್ತು ಜನರ ಕಡತ ಹಿಡಿದು ಕೂರುವ ವರದಿಗಾರಿಕೆಗೆ ನಮ್ಮಲ್ಲಿ ಸಂಬಳ ಕೊಡುವವರು ಯಾರು? ಅಕ್ಕನಿಗೂ ಹೇಳಿದೆವು, ವಕೀಲರು ಕೊಟ್ಟ ಅಂಕವನ್ನೂ ಕಣ್ಣುಮುಚ್ಚಿ ನಂಬಬೇಡ, ಅವರಿಗೂ ಅವರದೇ ಸಿಟ್ಟುಸೆಡವು ಇರುತ್ತವೆ. ಒಂದೇ ಒಂದು ಕೇಸಿನ ಸುದ್ದಿ ಓದಿ ಇಲ್ಲ ಅಂತ ಹಾಕುವ ಮುಂಚೆ ಆ ಕೇಸಿನಲ್ಲಿ ಕಾನೂನು ಏನಿತ್ತು ಅಂತ ನೋಡು. ಗೊತ್ತಿಲ್ಲದವರ ಮುಂದೆ ಖಾಲಿ ಬಿಡು, ಖಾಲಿ ಬಿಟ್ಟದ್ದು ಅಲ್ಲಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಚುನಾವಣೆಗೆ ಮೂರು ದಿನವಿದ್ದಾಗ ಫೋನ್ ಮಾಡಿದಳು. ಇಪ್ಪತ್ತಮೂರು ಹೆಸರು ಓದಿ ಮುಗಿಸಿದ್ದಳಂತೆ. ಹದಿನೆಂಟಕ್ಕೆ ಹೌದು, ಐದಕ್ಕೆ ಇಲ್ಲ, ಉಳಿದದ್ದು ಖಾಲಿ. "ಮಗೂನ ಮಲಗಿಸಿ ರಾತ್ರಿ ಓದಿದ್ದು, ಇಷ್ಟೇ ಆಯ್ತು" ಅಂದಳು. ಆಮೇಲೆ ಸುಮ್ಮನೆ ಎಂಬಂತೆ ಕೇಳಿದಳು. "ನೀವು ಅವತ್ತು ಟಿಪ್ಪರ್ ಕೇಸು ಬರೆದಿದ್ರಲ್ಲ, ನಂಗೂ ಬಂದಿತ್ತು ವಾಟ್ಸ್ಯಾಪ್‌ನಲ್ಲಿ. ನಾನೂ ನಾಕು ಜನಕ್ಕೆ ಕಳಿಸಿ ಬೈದಿದ್ದೆ. ಆ ಜಡ್ಜ್ ಏನಾದ್ರು?"

ಮೇ ತಿಂಗಳ ವರ್ಗಾವಣೆಯಲ್ಲಿ ಬೇರೆ ಜಿಲ್ಲೆಗೆ ಹೋದರು ಅಂದೆವು. ಹೆಸರೇನು ಅಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ವರದಿಯನ್ನು ಹುಡುಕಿ ತೆಗೆದು ನೋಡಿದರೆ ಅದರಲ್ಲೂ ಅವರ ಹೆಸರಿರಲಿಲ್ಲ.