ಕೆಮ್ಮೆಂಬ ಮನೆಯಳಿಯ

ಜ್ವರ ಬಂದರೆ ಹಾಸಿಗೆ ಹಾಸುತ್ತೇವೆ. ಹಲ್ಲು ನೊಂದರೆ ದವಾಖಾನೆ ಹುಡುಕುತ್ತೇವೆ. ಕೆಮ್ಮನ್ನು ಮಾತ್ರ ಮನೆಯಳಿಯನಂತೆ ಇರಿಸಿಕೊಳ್ಳುತ್ತೇವೆ. ಬಂದ ಹೊಸತರಲ್ಲಿ ಕಷಾಯದ ಉಪಚಾರ. ಆಮೇಲೆ ಅದು ಇದ್ದದ್ದೇ ಮರೆತುಹೋಗುತ್ತದೆ.

ಮುರಗೋಡದ ನನ್ನ ಸೋದರಮಾವನ ಕೆಮ್ಮು ಹೀಗೆ ಮೂರು ತಿಂಗಳು ಉಂಡುಟ್ಟು ಬೆಳೆಯಿತು. ಅತ್ತೆ ಚಿದಂಬರನಿಗೆ ಹರಕೆ ಹೊತ್ತು ಆಡುಸೋಗೆ ಕುದಿಸಿದರು. ನೆರೆಯವರು ಜೇಷ್ಠಮಧು ತಂದರು. ಸಂತೆಗೆ ಹೋದವರು ಒಂದು ಬಾಟಲಿ ಸಿಹಿ ಔಷಧ ತಂದರು. ಮಾವ ಎಲ್ಲರ ಮಾತನ್ನೂ ನಡೆಸಿಕೊಟ್ಟರು. ಕೆಮ್ಮು ಯಾರ ಮಾತನ್ನೂ ಕೇಳಲಿಲ್ಲ. “ಜ್ವಾಳದ ಧೂಳ ತಮ್ಮಾ, ಸುಗ್ಗಿ ಮುಗದ ಮ್ಯಾಲೆ ಹೋಗತೈತಿ” ಎನ್ನುತ್ತಿದ್ದರು. ಸುಗ್ಗಿ ಮುಗಿಯಿತು, ಧೂಳು ಅಡಗಿತು; ಧೋತರ ಮಾತ್ರ ಸೊಂಟದಲ್ಲಿ ನಿಲ್ಲದಾಯಿತು.

ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ದಿನ ಆತ್ರೀ?” ದೀರ್ಘ ಕೆಮ್ಮಿಗೆ ಕಾರಣಗಳು ಹಲವು: ಉಬ್ಬಸ, ಬೀಡಿ, ಮೇಲೇರುವ ಹೊಟ್ಟೆಯ ಹುಳಿ, ರಕ್ತದೊತ್ತಡದ ಕೆಲವು ಗುಳಿಗೆಗಳು ಕೂಡ. ಆದರೆ ಎರಡು ವಾರ ಮೀರಿದರೆ ಕಫದ ಪರೀಕ್ಷೆ ಆಗಲೇಬೇಕು. ಮಾವನದು ಕ್ಷಯವೇ ಆಗಿತ್ತು.

“ಮನ್ಯಾಗ ಲಗ್ನದ ಹುಡುಗಿ ಅದಾಳ, ಹೆಸರ ಹೊರಗ ಬೀಳಬಾರದು” ಎಂದರು ಅತ್ತೆ. ಇದು ಶಾಪವಲ್ಲ, ಕ್ರಿಮಿಯ ಕೆಲಸವೆಂದು ಕೋಖ್ 1882ರಲ್ಲೇ ತೋರಿಸಿದ. ಹೆಸರಿನ ಭಯ ಮಾತ್ರ ಇನ್ನೂ ಹೋಗಿಲ್ಲ.

ಹಳ್ಳಿಯವರು ತಿಳಿಯದವರೆಂದು ಪೇಟೆಯವರಾದ ನಾವು ಹೇಳುವುದುಂಟು. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಹೆಚ್ಚಿನ ಕ್ಷಯರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಕೇಳಿಕೊಂಡೂ ಹೋಗಿದ್ದರು. ಹಲವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ!

ರೋಗಿಯನ್ನು ಊರು ಬಿಡಿಸಬೇಕಾಗಿಲ್ಲ. ಮನೆಯಲ್ಲಿಯೇ ಗುಳಿಗೆ ನುಂಗಿದರೂ ಆರೋಗ್ಯಧಾಮದಲ್ಲಿದ್ದಷ್ಟೇ ಗುಣವಾಗುತ್ತದೆಂದು ಮದರಾಸಿನ ಪ್ರಯೋಗ 1959ರಲ್ಲೇ ತೋರಿಸಿಕೊಟ್ಟಿತು. ಮಾವನಿಗೆ ಆರು ತಿಂಗಳ ಗುಳಿಗೆಯಾಯಿತು. ಎರಡನೆಯ ತಿಂಗಳಿಗೇ ಕೆಮ್ಮು ನಿಂತಿತು, ಗಂಡಾಂತರವಿರುವುದು ಅಲ್ಲಿಯೇ. “ಇನ್ನ್ಯಾಕ ಗುಳಿಗಿ?” ಎಂದರು ಮಾವ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಮುಂದೆ ಔಷಧಕ್ಕೇ ಬಗ್ಗದೆ ಹೋಗಬಹುದು. ಅತ್ತೆ ವಾದಕ್ಕಿಳಿಯಲಿಲ್ಲ, ಗುಳಿಗೆ ಗಂಟಲಿಳಿಯುವವರೆಗೆ ಚಹಾ ಕೊಡಲಿಲ್ಲ, ಅಷ್ಟೆ.

ಹುಡುಗಿಯ ನಿಶ್ಚಯದ ಮಾತು ಬಂದಾಗ ಅತ್ತೆ ಧೈರ್ಯ ಮಾಡಿ ಬೀಗರಿಗೆ ಎಲ್ಲವನ್ನೂ ಹೇಳಿಬಿಟ್ಟರು. ಬೀಗಿತ್ತಿ ಒಂದು ಗಳಿಗೆ ಸುಮ್ಮನಿದ್ದು, “ನಮ್ಮ ಅಣ್ಣಗೂ ಆಗಿತ್ರೀ” ಎಂದರು. ಒಂದೇ ಗುಟ್ಟನ್ನು ಗೋಡೆಯ ಈಚೆ ನಾವು, ಆಚೆ ಅವರು ಎಷ್ಟು ಮನೆಗಳಲ್ಲಿ ಕಾಯುತ್ತಿದ್ದೇವೋ!