ಹೆಜ್ಜೇನಿನ ಆಲದ ನೆರೆಯಲ್ಲಿ

ಹೊಸಕೋಟೆ ತಾಲ್ಲೂಕಿನ ನಂದಗುಡಿ ಸಮೀಪ ರಾಮಗೋವಿಂದಪುರ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಹಳೆಯ ಆಲದ ಮರವೊಂದು ಜೇನು ವಿಜ್ಞಾನಿಗಳಿಗೆ ಚಿರಪರಿಚಿತ. ಹೂವಿನ ಕಾಲ ಬಂತೆಂದರೆ ಅದರ ಕೊಂಬೆಗಳಲ್ಲಿ ಹೆಜ್ಜೇನಿನ ಹುಟ್ಟುಗಳು ನೂರಾರು ಸಂಖ್ಯೆಯಲ್ಲಿ ಜೋತಾಡಿದ ದಾಖಲೆಯಿದೆ. ಒಂದೊಂದರಲ್ಲೂ ಹತ್ತಾರು ಸಾವಿರ ಹುಳುಗಳು! ಲೆಕ್ಕ ಹಾಕಲು ಹೊರಟರೆ ಎದೆ ಝಲ್ಲೆನ್ನುತ್ತದೆ. ಆದರೂ ಜನ ಊರು ಬಿಟ್ಟಿಲ್ಲ.

ತುಡುವೆ ಜೇನನ್ನಾದರೆ ಪೆಟ್ಟಿಗೆಯಲ್ಲಿಟ್ಟು ಅಂಗಳದಲ್ಲೇ ಸಾಕಬಹುದು. ಹೆಜ್ಜೇನು ಸಾಕಣೆಗೆ ಒಗ್ಗದ ಅಲೆಮಾರಿ. ಹೂವು ಮುಗಿದೊಡನೆ ಹುಟ್ಟು ತೊರೆದು ಹೊರಡುತ್ತದೆ. ಮರುವರ್ಷ ಅದೇ ಮರಕ್ಕೆ, ಎಷ್ಟೋ ಸಲ ಅದೇ ಕೊಂಬೆಗೆ ಮರಳುತ್ತದೆ. ಕೆಲಸಗಾರ ಹುಳುಗಳಿಗೆ ಅಷ್ಟು ಕಾಲದ ಆಯಸ್ಸಿಲ್ಲ. ಹೋದವು ಬೇರೆ, ಬಂದವು ಬೇರೆ. ವಿಳಾಸ ಮಾತ್ರ ತಪ್ಪುವುದಿಲ್ಲ. ಹೀಗಿರುವಾಗ ಬೆಂಕಿಯಿಟ್ಟು ಓಡಿಸಿದರೆ ಕಾಟ ತಪ್ಪಿತೆಂದುಕೊಳ್ಳುವುದು ಬರೀ ಭ್ರಮೆ.

ಹೆಜ್ಜೇನಿಗೆ ಸುಮ್ಮನೆ ಸಿಟ್ಟು ಬರುವುದಿಲ್ಲ. ಹುಡುಗರ ಕವಣೆಕಲ್ಲು, ಮರದಡಿಯ ಹೊಗೆ, ಜಾತ್ರೆಯ ಪಟಾಕಿ ಹೀಗೆ ಬಹುತೇಕ ಕಾರಣಗಳು ನಮ್ಮವೇ. ಕೆಲವೊಮ್ಮೆ ಜೇನುಗಿಡುಗ ಹುಟ್ಟಿಗೆ ಎರಗಿ ಹಾರಿಹೋಗುತ್ತದೆ. ಶಿಕ್ಷೆ ಮಾತ್ರ ಕೆಳಗೆ ದನ ಕಾಯುತ್ತಿದ್ದವನಿಗೆ! ಒಂದು ಹುಳು ಕಚ್ಚಿದಾಗ ಹೊಮ್ಮುವ, ಬಾಳೆಹಣ್ಣನ್ನು ಹೋಲುವ ವಾಸನೆ ಉಳಿದವನ್ನೂ ಅಲ್ಲಿಗೇ ಕರೆಯುತ್ತದೆ. ನಿಂತು ಕೈಬೀಸಿದರೆ ಕೆಟ್ಟಂತೆಯೇ. ಮುಖ ಮುಚ್ಚಿಕೊಂಡು ಓಡಬೇಕು, ಮನೆ ಹೊಕ್ಕು ಬಾಗಿಲು ಹಾಕಬೇಕು. ಕೆರೆಗೆ ಹಾರಿದರೆ, ಉಸಿರಿಗಾಗಿ ತಲೆಯೆತ್ತುವ ತನಕ ಅವು ಮೇಲೆಯೇ ಕಾದಿರುತ್ತವೆ.

ಕಚ್ಚಿದ ಜಾಗದಲ್ಲಿ ಉಳಿದ ಮುಳ್ಳಿನ ಜೊತೆಗಿರುವ ಚೀಲ ವಿಷ ಒಸರುತ್ತಲೇ ಇರುತ್ತದೆ. ಉಗುರಿನಿಂದಲಾದರೂ ಸರಿ, ಅದನ್ನು ಕೂಡಲೇ ಕೀಳಬೇಕು. ಸುಣ್ಣ ಹುಡುಕುತ್ತಾ ಕೂರಬಾರದು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ತಲೆ ಸುತ್ತಿದರೆ ಕಚ್ಚಿದ್ದು ಒಂದೇ ಹುಳುವಾದರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹತ್ತಾರು ಕಚ್ಚಿದ್ದರಂತೂ ಲಕ್ಷಣಕ್ಕೆ ಕಾಯುವ ಮಾತೇ ಇಲ್ಲ.

ಇರುಳಿನ ಪೇಚು ಬೇರೆ. ಬೆಳದಿಂಗಳಲ್ಲೂ ಹಾರಬಲ್ಲ ಹೆಜ್ಜೇನು ದೀಪಕ್ಕೆ ಮರುಳಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳ ಪುಸ್ತಕದ ಮೇಲೇ ಹುಳು ಉದುರಬಹುದು. ಕಿಟಕಿಗೆ ಸೊಳ್ಳೆಪರದೆ ಹಾಕಿ, ಜಗಲಿಯ ದೀಪ ಬೇಗ ಆರಿಸಿ, ಬರಿಗಾಲಲ್ಲಿ ಓಡಾಡದಿದ್ದರೆ ಅರ್ಧ ಚಿಂತೆ ಕಳೆದಂತೆ. ಒಣಹಾಕಿದ ಬಿಳಿ ಅಂಗಿಯ ಮೇಲೆ ಹಳದಿ ಚುಕ್ಕೆಗಳು ಕಂಡರೆ ಯಾರನ್ನೂ ಬೈಯಬೇಕಿಲ್ಲ. ಅದು ಗುಂಪಾಗಿ ಹಾರಿದ ಜೇನುಗಳ ಹಿಕ್ಕೆ.

ಹೆಜ್ಜೇನು ಕಟ್ಟುವುದು ಆಲದ ಮರಕ್ಕಷ್ಟೇ ಅಲ್ಲ; ನೀರಿನ ಟ್ಯಾಂಕಿಗೂ ಶಾಲೆಯ ಸಜ್ಜಾಕ್ಕೂ ಕಟ್ಟುತ್ತದೆ. ಟ್ಯಾಂಕು ತೊಳೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಕೊಂಬೆ ಸವರುವುದು ಇದ್ದರೆ ಅದು ಹೊರಟುಹೋದ ಮೇಲೆ ಇಟ್ಟುಕೊಳ್ಳಬಹುದು. ಆಗ ಅಲ್ಲಿ ಉಳಿದಿರುವುದು ಒಣಗಿದ ಮೇಣ ಮಾತ್ರ.