ಟ್ರಿಪ್ ಶೀಟಿನಲ್ಲಿ ಇಲ್ಲದ ಐದು ನಿಮಿಷ

ವೀಲ್‌ಚೇರ್‌ನಲ್ಲಿ ಇರುವವರನ್ನು ಕಂಡರೆ ಬಸ್ ನಿಲ್ಲಿಸುವುದೇ ಇಲ್ಲ ಎಂದು ಚಾಲಕರನ್ನು ಬೈಯುವುದನ್ನು ನಾವೆಲ್ಲ ಕೇಳಿದ್ದೇವೆ. ನಿಲ್ಲಿಸದೆ ಹೋಗುವವರು ಇದ್ದಾರೆ, ಸುಳ್ಳಲ್ಲ. ಆದರೆ ನಿಲ್ಲಿಸಿದ ಮೇಲೆ ಏನೇನು ಆಗುತ್ತದೆ ಎಂಬುದನ್ನು ನಾನು ಎರಡು ಕಡೆಯಿಂದ ನೋಡಿದ್ದೇನೆ. ನನ್ನ ಮಾಮು ಬಸ್ ಚಾಲಕರು. ಹಾಸನದಿಂದ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಓಡಿಸುತ್ತಾರೆ. ಅವರ ತಾಯಿ, ಅಂದರೆ ನನ್ನ ನಾನಿ, ಇರುವುದು ಅರಕಲಗೂಡಿನಲ್ಲಿ. ಪಾರ್ಶ್ವವಾಯು ಆದ ಮೇಲೆ ಅವರಿಗೆ ವೀಲ್‌ಚೇರ್ ಬಂತು. ತಿಂಗಳಿಗೊಮ್ಮೆ ಹಾಸನದ ಆಸ್ಪತ್ರೆಗೆ ಬರಬೇಕು. ಜೊತೆಗೆ ಅಮ್ಮಿ, ರಜೆಯಿದ್ದರೆ ನಾನು.

ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ರೈಲಿದೆ, ಅರಕಲಗೂಡಿಗೆ ಇಲ್ಲ. ಹಾಸನಕ್ಕೆ ಹೋಗಿ ಬರಲು ಆಟೋದವರು ಕೇಳುವ ಬಾಡಿಗೆಯನ್ನು ತಿಂಗಳು ತಿಂಗಳು ಕೊಡಲು ನಮ್ಮಿಂದ ಆಗದು. ಹಾಗಾಗಿ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಾನಿಯ ಟಿಕೆಟ್ ಸೊನ್ನೆ ರೂಪಾಯಿ. ದುಡ್ಡಿನ ಅಡ್ಡಿ ಹೋಯಿತು, ಬಾಗಿಲಿನ ಮೆಟ್ಟಿಲು ಹಾಗೇ ಉಳಿಯಿತು.

ಆ ಮೆಟ್ಟಿಲು ನಮಗೆ ಕಾಣಿಸುವುದೇ ಇಲ್ಲ, ಏಕೆಂದರೆ ನಾವು ಹಾರಿ ಹತ್ತುತ್ತೇವೆ. ಮೊದಲನೆಯದೇ ಮೊಣಕಾಲಿನ ಹತ್ತಿರ ಬರುತ್ತದೆ. ರಸ್ತೆ ಪಕ್ಕದ ಮಣ್ಣು ಇಳಿಜಾರಾಗಿದ್ದರೆ ಇನ್ನೂ ಎತ್ತರ. ಬಾಗಿಲು ಕಿರಿದು, ಕುರ್ಚಿ ಹಾಗೇ ಒಳಗೆ ಬಾರದು. ಮೊದಲು ಮನುಷ್ಯರನ್ನು ಎತ್ತಿ ಸೀಟಿನಲ್ಲಿ ಕೂರಿಸಬೇಕು, ಆಮೇಲೆ ಹದಿನೈದಿಪ್ಪತ್ತು ಕೆ.ಜಿ.ಯ ಕುರ್ಚಿಯನ್ನು ಮಡಚಿ ಹತ್ತಿಸಬೇಕು. ಎತ್ತುವವರು ಯಾರು? ಕಂಡಕ್ಟರ್ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಚಾಲಕರು ಇಳಿದು ಬರಬೇಕು.

ಮಾಮು ಇದನ್ನು ಮನೆಯಲ್ಲಿ ಉರ್ದುವಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಐವತ್ತು ಜನ ಒಳಗಿರುವಾಗ ನಾನು ಸೀಟು ಬಿಟ್ಟು ಇಳಿದೆ ಅಂದುಕೋ. ಹ್ಯಾಂಡ್‌ಬ್ರೇಕ್ ಹಾಕಿರುತ್ತೇನೆ. ಆದರೂ ಗಾಡಿ ಒಂದಡಿ ಜರುಗಿದರೆ ಕೇಳುವುದು ನನ್ನನ್ನೇ. ಎತ್ತುವಾಗ ಕೈಜಾರಿ ಅವರು ಬಿದ್ದರೂ ನನ್ನನ್ನೇ. ಎತ್ತದೆ ಹೋದರೂ ನನ್ನನ್ನೇ."

ಇನ್ನೊಂದು ಭಯ ಕುರ್ಚಿಯದು. ಅದನ್ನು ಇಡಲು ಜಾಗವಿಲ್ಲ. ಹೆಚ್ಚಿನವರು ಚಾಲಕರ ಪಕ್ಕದ ಬಾನೆಟ್ ಹತ್ತಿರ ನಿಲ್ಲಿಸುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ಅದು ಉರುಳಿಕೊಂಡು ಗೇರ್ ಕಡೆ ಬರುತ್ತದೆ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸುವಾಗ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕುರ್ಚಿಯ ಮೇಲೆ.

ಸೀಟಿನ ವಿಷಯ ನಮಗೇ ಸೇರಿದ್ದು. "ವಿಕಲಚೇತನರಿಗೆ" ಎಂದು ಬರೆದ ಸೀಟಿನಲ್ಲಿ ಸಂಜೆ ಕಾಲೇಜು ಬಿಟ್ಟ ಮೇಲೆ ಯಾರು ಕೂತಿರುತ್ತಾರೆಂದು ನಾನು ಹೇಳಬೇಕಾಗಿಲ್ಲ. ಎದ್ದೇಳಿ ಎಂದು ಕಂಡಕ್ಟರ್ ಕೂಗುವಷ್ಟರಲ್ಲಿ, ಫುಟ್‌ಬೋರ್ಡಿನವರು ಇಳಿದು ದಾರಿ ಬಿಡುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ. ಎತ್ತಲು, ಕುರ್ಚಿ ಮಡಚಲು ಮೂರು. ಒಟ್ಟು ಐದು.

ಅಕೌಂಟೆನ್ಸಿಯಲ್ಲಿ ಖರ್ಚು ಎಂದ ಮೇಲೆ ಅದಕ್ಕೊಂದು ಖಾತೆ ಇರಲೇಬೇಕು. ಈ ಐದು ನಿಮಿಷಕ್ಕೆ ಟ್ರಿಪ್ ಶೀಟಿನಲ್ಲಿ ಖಾತೆಯಿಲ್ಲ. ಹೊರಡುವ ಹೊತ್ತಿದೆ, ಮುಟ್ಟುವ ಹೊತ್ತಿದೆ, ಅಷ್ಟೇ. ಹಾಗಾದರೆ ಎಲ್ಲಿಂದ ಹೊಂದಿಸುತ್ತೀರಿ ಎಂದು ಮಾಮುವನ್ನು ಕೇಳಿದೆ. "ಟೀ ಕುಡಿಯುವ ಹೊತ್ತಿನಿಂದ," ಅಂದರು. ಸ್ವಲ್ಪ ತಡೆದು, "ಇಲ್ಲವಾದರೆ ಸ್ಪೀಡಿನಿಂದ," ಅಂದರು. ಅಮ್ಮಿ ಅವರನ್ನು ದುರುಗುಟ್ಟಿ ನೋಡಿದರು.

ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರಿಗೆಯನ್ನೂ ಹೆಸರಿಸಿದೆ. ಬಸ್ಸಿನಲ್ಲಿ ವೀಲ್‌ಚೇರ್ ಹತ್ತಿಸಲು, ಕಟ್ಟಿ ನಿಲ್ಲಿಸಲು ವ್ಯವಸ್ಥೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಬಿಎಂಟಿಸಿಯಲ್ಲಿ ತಗ್ಗು ನೆಲದ, ರ‍್ಯಾಂಪ್ ಇರುವ ಎಲೆಕ್ಟ್ರಿಕ್ ಬಸ್ಸುಗಳಿವೆ. ಲಂಡನ್‌ನ ಸಿಟಿ ಬಸ್ಸುಗಳಲ್ಲಿ ಚಾಲಕರು ಕೂತಲ್ಲಿಂದಲೇ ಗುಂಡಿ ಒತ್ತಿದರೆ ರ‍್ಯಾಂಪ್ ಹೊರಗೆ ಬರುತ್ತದೆ. ನಾನಿ ಹತ್ತುವ ಬಸ್ಸಿನಲ್ಲಿ ರ‍್ಯಾಂಪ್ ಅಂದರೆ ಇಬ್ಬರು ಗಂಡಸರ ತೋಳು.

ಆ ತೋಳು ನಾನಿಗೆ ಇಷ್ಟವೆಂದು ಯಾರೂ ತಿಳಿಯಬೇಡಿ. ಐದು ಹೊತ್ತು ನಮಾಜು ಮಾಡುವ ಅರವತ್ತೆಂಟರ ಹೆಂಗಸು, ಸೆರಗು ಸರಿಮಾಡಿಕೊಳ್ಳಲು ಒಂದೇ ಕೈ ಇದೆ. ಗುರುತಿಲ್ಲದವರು ಎತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಎತ್ತುವ ಚಾಲಕರಿಗೂ ಎಲ್ಲಿ ಹಿಡಿಯಬೇಕೆಂಬ ಸಂಕೋಚ. ಒಳ್ಳೆಯ ಮನಸ್ಸಿನಿಂದಲೇ ಒಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು, ಬಲಹೀನವಾದ ಭುಜ ವಾರವಿಡೀ ನೋಯಿತು.

ಹೇಗೆ ಎತ್ತಬೇಕೆಂದು ಮಾಮುಗೆ ಹೇಳಿಕೊಟ್ಟವರು ಹೊಳೆನರಸೀಪುರದಲ್ಲಿ ಹತ್ತುವ ಒಬ್ಬ ಪ್ರಯಾಣಿಕರು. "ಮೊದಲು ಕುರ್ಚಿಯ ಬ್ರೇಕ್ ಹಾಕಿ, ಡ್ರೈವರ್ ಸಾಹೇಬರೇ. ಆಮೇಲೆ ನನ್ನನ್ನು ಕೇಳಿ, ಎಲ್ಲಿ ಹಿಡಿಯಬೇಕೆಂದು ನಾನೇ ಹೇಳುತ್ತೇನೆ," ಎಂದರಂತೆ. ಈಗ ಮಾಮು ಎಲ್ಲರನ್ನೂ ಮೊದಲು ಕೇಳುತ್ತಾರೆ. ಅವರ ರೂಟಿನಲ್ಲಿ ಅರಕಲಗೂಡು ಇಲ್ಲ. ಹಾಗಾಗಿ ನಾನಿಯನ್ನು ಬೇರೆಯವರ ಮಕ್ಕಳೇ ಎತ್ತಬೇಕು.

ರ‍್ಯಾಂಪಿನ ಬಸ್ಸು ಬಂದಾಗ ಬರಲಿ, ಅಲ್ಲಿಯವರೆಗೆ ಏನು ಬೇಕು ಎಂದು ಕೇಳಿದ್ದಕ್ಕೆ ಮಾಮು ಎರಡೇ ಹೇಳಿದರು: ಶೀಟಿನಲ್ಲಿ ಬರೆದುಕೊಳ್ಳಲು ಐದು ನಿಮಿಷ, ಕುರ್ಚಿ ಕಟ್ಟಲು ಒಂದು ಬೆಲ್ಟು. ನಿಮಿಷ ಅವರ ಕೈಯಲ್ಲಿಲ್ಲ. ಬೆಲ್ಟಿನ ಬದಲು ಹಳೆಯ ಸೈಕಲ್ ಟ್ಯೂಬೊಂದನ್ನು ಟಿಫಿನ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ. ಕುರ್ಚಿಯನ್ನು ಸೀಟಿನ ಕಂಬಿಗೆ ಬಿಗಿದರೆ ಹಾಸನದವರೆಗೂ ಅಲುಗಾಡುವುದಿಲ್ಲವಂತೆ. ಅದೇ ರೂಟಿನ ಇನ್ನಿಬ್ಬರು ಚಾಲಕರೂ ಈಗ ಟ್ಯೂಬ್ ಇಟ್ಟುಕೊಂಡಿದ್ದಾರೆ.